ಜರ್ಮನ್ ಮೇಡಂ, ನಾಲ್ಕು ಹುಡುಗಿಯರು, ಒಂದು ಬ್ಯಾಟನ್

ಅಂತರ ಕಾಲೇಜು ಅಥ್ಲೆಟಿಕ್ ಕೂಟಕ್ಕೆ ಇನ್ನು ಮೂರೇ ವಾರ ಇದೆ ಎನ್ನುವಾಗ ನಮ್ಮ ರಿಲೇ ತಂಡದ ಬ್ಯಾಟನ್ ಮತ್ತೆ ನೆಲಕ್ಕೆ ಬಿತ್ತು. ಬೀಳುವುದು ನಮಗೆ ಹೊಸದೇನಲ್ಲ. ಹಿಂದಿನ ವರ್ಷ ಕೂಟದಲ್ಲೇ ಬಿದ್ದಿತ್ತು. ಉಳಿದ ಕಾಲೇಜಿನವರೆಲ್ಲ ಗುರಿ ಮುಟ್ಟಿ ನೀರು ಕುಡಿಯುತ್ತಿರುವಾಗ ನಮ್ಮವರು ಪಕ್ಕದ ಲೇನಿನಲ್ಲಿ ಅದನ್ನು ಹುಡುಕುತ್ತಿದ್ದರು. ನಾನು ಖೋ-ಖೋ ಆಡಿ ಬೆಳೆದ ದೈಹಿಕ ಶಿಕ್ಷಣದ ಮೇಡಂ. ರಿಲೇ ಎಂದರೆ ಒಬ್ಬಳು ಓಡಿ ಬಂದು ಕೋಲು ಕೊಡುವುದು, ಇನ್ನೊಬ್ಬಳು ಇಸಿದುಕೊಂಡು ಓಡುವುದು, ಇದರಲ್ಲಿ ಕಲಿಸುವುದೇನಿದೆ ಎಂದು ಅಲ್ಲಿಯವರೆಗೂ ಅಂದುಕೊಂಡಿದ್ದೆ.

ಆದರೆ ಈ ಸಲ ಬಿದ್ದದ್ದು ನಕ್ಕು ಬಿಡುವಂಥದ್ದಾಗಿರಲಿಲ್ಲ. ಬೀಳಿಸಿದ್ದು ಎರಡನೆಯವಳಾಗಿ ಓಡುವ ಮಂಡಕಳ್ಳಿ ಹುಡುಗಿ. ಹೆಸರು ಹಾಕಿದರೆ ನಾಚಿಕೊಳ್ಳುತ್ತಾಳೆ, ಹಾಗಾಗಿ ಹುಡುಗಿಯರನ್ನೆಲ್ಲ ಅವರವರ ಊರು, ಬೀದಿಯ ಹೆಸರಿನಲ್ಲೇ ಕರೆಯುತ್ತೇನೆ. ಇವಳು ವಿಮಾನ ನಿಲ್ದಾಣದ ಕಾಂಪೌಂಡಿನ ಪಕ್ಕದ ರಸ್ತೆಯಲ್ಲಿ, ಮೇಲೇಳುವ ವಿಮಾನದ ಜೊತೆ ಪಂದ್ಯ ಕಟ್ಟಿ ಓಡಿ ಬೆಳೆದವಳು. ಕಾಲೇಜಿನಲ್ಲಿ ಅವಳಷ್ಟು ವೇಗ ಯಾರಿಗೂ ಇಲ್ಲ. ಪದವಿಯ ಕೊನೆಯ ವರ್ಷ. ಮುಂದೆ ಬಿ.ಪಿ.ಎಡ್. ಮಾಡಿ ನನ್ನ ಹಾಗೆ ಪಿ.ಟಿ. ಮೇಡಂ ಆಗಬೇಕೆಂಬುದು ಅವಳ ಆಸೆ. ಕ್ರೀಡಾ ಕೋಟಾದಲ್ಲಿ ಸೀಟು ಸಿಗಬೇಕಾದರೆ ಈ ಕೂಟದ ಪದಕ ಬೇಕು, ಯಾವ ಬಣ್ಣದ್ದಾದರೂ ಸರಿ. ನೂರು ಮೀಟರಿನಲ್ಲಿ ಅದು ಗ್ಯಾರಂಟಿ ಎಂದು ನಾನು ಊರೆಲ್ಲ ಸಾರಿಕೊಂಡು ಬಂದಿದ್ದೆ. ಅಷ್ಟರಲ್ಲಿ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಂಡಿತು. ಸ್ಟಾರ್ಟಿಂಗ್ ಬ್ಲಾಕಿನಲ್ಲಿ ಬಗ್ಗಿ ಚಿಮ್ಮುವುದು ಈ ವರ್ಷ ಬೇಡವೇ ಬೇಡ ಎಂದರು ಡಾಕ್ಟರು. ರಿಲೇಯಲ್ಲಿ ಮೊದಲನೆಯವಳನ್ನು ಬಿಟ್ಟು ಉಳಿದವರಿಗೆ ಬ್ಲಾಕ್ ಇರುವುದಿಲ್ಲ, ನಿಂತಲ್ಲಿಂದ ಓಟ. ಹೀಗಾಗಿ ಅವಳ ಸೀಟು ಈಗ ಆ ಅಲ್ಯೂಮಿನಿಯಂ ಕೊಳವೆಯೊಂದನ್ನೇ ನಂಬಿಕೊಂಡಿತ್ತು.

ಅವತ್ತು ಆ ಕೊಳವೆ ಉರುಳಿಕೊಂಡು ಬೇಲಿಯ ಹತ್ತಿರ ಹೋಯಿತು. ಆಚೆ ಒಬ್ಬ ಬಿಳಿ ಹೆಂಗಸು ನಿಂತಿದ್ದರು. ಇಲ್ಲಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ಪರದೇಶದವರನ್ನು ನೋಡಿ ನೋಡಿ ಮೈಸೂರಿನವರಾದ ನಮಗೆ ಅದೇನೂ ವಿಶೇಷವಲ್ಲ. ಅವರು ಗೇಟು ಸುತ್ತಿ ಒಳಗೆ ಬಂದು, ಬ್ಯಾಟನ್ ಎತ್ತಿಕೊಂಡು, ಅಂಗೈಯಲ್ಲಿ ತೂಗಿ ನೋಡಿ, ಅಂಗಿಯ ಅಂಚಿನಿಂದ ಮಣ್ಣು ಒರೆಸಿ, ಕೋಚ್ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎದೆ ಸೆಟೆಸಿಕೊಂಡು "ನಾನೇ" ಎಂದೆ.

"ನಿಮ್ಮ ಗುರುತು ತಪ್ಪು ಜಾಗದಲ್ಲಿದೆ" ಎಂದರು.

"ಯಾವ ಗುರುತು?" ಎಂದೆ.

ಅವರ ಮುಖ ನೋಡಬೇಕಿತ್ತು.

ಆಮೇಲೆ ಗೊತ್ತಾಯಿತು: ಅವರು ಜರ್ಮನಿಯ ಮಾಜಿ ಸ್ಪ್ರಿಂಟರ್, ಹತ್ತು ವರ್ಷ ತಮ್ಮ ದೇಶದ ರಿಲೇ ತಂಡದಲ್ಲಿ ಮೂರನೆಯವರಾಗಿ ಓಡಿದವರು. ನಾನು ನಂಬಲಿಲ್ಲ. ಮುಖದಲ್ಲೇ ಅದು ಕಂಡಿರಬೇಕು. ಚಪ್ಪಲಿ ಬಿಚ್ಚಿಟ್ಟು, ಬರಿಗಾಲಿನಲ್ಲಿ, ನಮ್ಮ ಮಣ್ಣಿನ ಟ್ರ್ಯಾಕಿನ ತಿರುವಿನಲ್ಲಿ ಒಂದು ಸಲ ಓಡಿ ತೋರಿಸಿದರು. ಅರ್ಧಕ್ಕೇ ಹಿಮ್ಮಡಿ ಹಿಡಿದುಕೊಂಡು ಕುಂಟುತ್ತ ನಿಂತರು, ಅದು ಬೇರೆ ಮಾತು. ಆ ಅರ್ಧ ತಿರುವಿನಲ್ಲಿ ಅವರ ಮೈ ಒಳಕ್ಕೆ ವಾಲಿದ ರೀತಿ, ಹೆಜ್ಜೆ ನೆಲಕ್ಕೆ ತಾಗಿಯೂ ತಾಗದ ರೀತಿ! ದೇವರಾಜ ಮೊಹಲ್ಲಾ ಹುಡುಗಿ, ನಮ್ಮ ಮೊದಲ ಓಟಗಾರ್ತಿ, ಹೂವಿನ ವ್ಯಾಪಾರದವರ ಮಗಳು, ಬಾಯಿ ಬಿಟ್ಟುಕೊಂಡು ನಿಂತಿದ್ದಳು. "ಮೇಡಂ, ಇವ್ರನ್ನ ಕಳಿಸ್ಬೇಡಿ ಕಣ್ರೀ" ಎಂದು ನನ್ನ ತೋಳು ಹಿಡಿದು ಎಳೆದಳು. ಕಳಿಸುವ ಯೋಚನೆ ನನಗೂ ಇರಲಿಲ್ಲ.

ಮಾರನೆಯ ಬೆಳಿಗ್ಗೆಯಿಂದಲೇ ಶುರು. ನಾಲ್ವರನ್ನೂ ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿ, ನಿಂತಲ್ಲೇ ಕೈ ಬೀಸುತ್ತ, ಹಿಂದಿನಿಂದ ಮುಂದಕ್ಕೆ ಬ್ಯಾಟನ್ ದಾಟಿಸುವುದು. ಕೊಡುವವಳು "ಹೆಪ್!" ಎಂದು ಕೂಗಬೇಕು. ಕೂಗು ಕೇಳಿದ ಕೂಡಲೇ ಮುಂದಿನವಳ ಕೈ ಹಿಂದಕ್ಕೆ ಚಾಚಬೇಕು, ತಲೆ ಮಾತ್ರ ತಿರುಗಕೂಡದು. ತಿರುಗಿದರೆ ಜರ್ಮನ್ ಮೇಡಂ ನೇರ ಬಂದು ಗಲ್ಲ ಹಿಡಿದು ಮುಂದಕ್ಕೆ ತಿರುಗಿಸುತ್ತಿದ್ದರು. ಆಮೇಲೆ ನಿಧಾನ ಓಟದಲ್ಲಿ ಅದೇ, ಆಮೇಲೆ ಪೂರ್ತಿ ವೇಗದಲ್ಲಿ. ಮೂವತ್ತು ಮೀಟರಿನ ವಲಯದೊಳಗೆ ಬ್ಯಾಟನ್ ಕೈ ಬದಲಾಗಬೇಕು, ಆಚೆ ಹೋದರೆ ತಂಡವೇ ಔಟ್. ಹಾಗಾಗಿ ವಲಯಕ್ಕೆ ಮುಂಚೆ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಒಂದು ಗೆರೆ. ಬರುವವಳ ಕಾಲು ಆ ಗೆರೆ ಮುಟ್ಟಿದ ಕ್ಷಣ ಹೋಗುವವಳು ಹೊರಡಬೇಕು. ಮೊದಲ ದಿನ ಅವರು ಹೇಳಿದ ಗುರುತು ಇದೇ.

ಬ್ಯಾಟನ್ ಹಿಡಿಯುವ ಕೈಗಳಿಗೂ ಕ್ರಮ ಇದೆ. ಮೊದಲನೆಯವಳು ಬಲಗೈಯಲ್ಲಿ ಹಿಡಿದು ಓಡುತ್ತಾಳೆ. ಎರಡನೆಯವಳು ಎಡಗೈಗೆ ಇಸಿದುಕೊಂಡು ಎಡಗೈಯಲ್ಲೇ ಓಡಿ, ಮೂರನೆಯವಳ ಬಲಗೈಗೆ ಕೊಡುತ್ತಾಳೆ. ಮೂರನೆಯವಳು ನಾಲ್ಕನೆಯವಳ ಎಡಗೈಗೆ. ಬಲ, ಎಡ, ಬಲ, ಎಡ. ಪ್ರಪಂಚವೆಲ್ಲ ಓಡುವುದು ಹೀಗೆಯೇ. ತಿರುವಿನಲ್ಲಿ ಓಡುವ ಇಬ್ಬರೂ ಲೇನಿನ ಒಳಮಗ್ಗುಲು ಹಿಡಿಯಬಹುದು, ಒಬ್ಬರ ದಾರಿಗೆ ಒಬ್ಬರು ಅಡ್ಡ ಬರುವುದಿಲ್ಲ.

ಅಭ್ಯಾಸ ಮುಗಿದ ಮೇಲೆ ಕ್ಯಾಂಟೀನಿನ ಕಟ್ಟೆಯ ಮೇಲೆ ಕಾಫಿ. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು, ಹಾಗಾಗಿ ಮಾತು ಚೆನ್ನಾಗಿ ಸಾಗುತ್ತಿತ್ತು. ಅವರದು ಸಣ್ಣ ಊರಂತೆ, ಕಾರ್ಖಾನೆಯ ಹಿಂದಿನ ಕಪ್ಪು ಬೂದಿಯ ಟ್ರ್ಯಾಕು, ಚಳಿಗಾಲದಲ್ಲಿ ಹಿಮ ಗುಡಿಸಿ ಓಡುವುದು. ಒಂಟಿ ಓಟದಲ್ಲಿ ದೊಡ್ಡ ಪದಕ ಒಂದೂ ಇಲ್ಲವಂತೆ. "ದೇಶದಲ್ಲಿ ನನಗಿಂತ ವೇಗದವರು ಯಾವಾಗಲೂ ಮೂರು ನಾಲ್ಕು ಜನ ಇರುತ್ತಿದ್ದರು. ತಿರುವಿನಲ್ಲಿ ಮಾತ್ರ ಯಾರೂ ಇರಲಿಲ್ಲ" ಎಂದು ಕಾಫಿ ಲೋಟ ಎತ್ತಿ ತಮಗೆ ತಾವೇ ಜೈ ಹೇಳಿಕೊಂಡರು. ಈಗ ವಿಮಾ ಕಂಪನಿಯಲ್ಲಿ ಕೆಲಸ. ಹಿಮ್ಮಡಿ ಸರಿಯಾದೀತೆಂದು ಮೂರು ತಿಂಗಳ ರಜೆಯಲ್ಲಿ ಯೋಗಕ್ಕೆ ಬಂದದ್ದು. ಓಟ ಏಕೆ ಬಿಟ್ಟಿರಿ ಎಂದರೆ ಹಿಮ್ಮಡಿ ತೋರಿಸಿ ಮಾತು ತೇಲಿಸುತ್ತಿದ್ದರು.

ಒಂದೇ ವಾರದಲ್ಲಿ ಮೊದಲ ಬದಲಾವಣೆ ಮತ್ತು ಕೊನೆಯ ಬದಲಾವಣೆ ಬೆಣ್ಣೆಯಂತೆ ಸಾಗತೊಡಗಿದವು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಆದರೆ ನಡುವಿನದು, ಮಂಡಕಳ್ಳಿ ಹುಡುಗಿ ಮೂರನೆಯವಳಾದ ಚಾಮರಾಜಪುರಂ ಹುಡುಗಿಗೆ ಕೊಡುವುದು, ಸರಿಹೋಗಲೇ ಇಲ್ಲ. ನಿಂತು ಮಾಡಿದರೆ ಸರಿ, ನಿಧಾನಕ್ಕೆ ಓಡಿದರೂ ಸರಿ. ಪೂರ್ತಿ ವೇಗಕ್ಕೆ ಬಂದರೆ ಕೈಗೆ ಕೈ ಸಿಗದೆ, ಒಬ್ಬಳ ಹಿಮ್ಮಡಿ ಇನ್ನೊಬ್ಬಳು ತುಳಿದು, ಬ್ಯಾಟನ್ ಎಲ್ಲೋ, ಇವರೆಲ್ಲೋ.

ಜರ್ಮನ್ ಮೇಡಂ ಮೊಬೈಲಿನಲ್ಲಿ ನಿಧಾನ ಚಲನೆಯ ವಿಡಿಯೊ ಹಿಡಿದರು. ಅದರಲ್ಲಿ ಸಿಕ್ಕಿಬಿದ್ದಳು ಕಳ್ಳಿ. ಮಂಡಕಳ್ಳಿ ಹುಡುಗಿ ಎಡಗೈಯಲ್ಲಿ ಬ್ಯಾಟನ್ ಇಸಿದುಕೊಳ್ಳುತ್ತಾಳೆ, ನಾಲ್ಕು ಹೆಜ್ಜೆ ಹಾಕುವುದರೊಳಗೆ ಅದನ್ನು ಸದ್ದಿಲ್ಲದೆ ಬಲಗೈಗೆ ದಾಟಿಸಿಕೊಳ್ಳುತ್ತಾಳೆ. ಆಮೇಲೆ ಬಲಗೈಯಲ್ಲಿ ಹಿಡಿದುಕೊಂಡು ಬಂದು ಮುಂದಿನವಳ ಬಲಗೈ ಹುಡುಕಿದರೆ ಇಬ್ಬರೂ ಒಂದೇ ಗೆರೆಯಲ್ಲಿ ಬಂದು ಗುದ್ದಿಕೊಳ್ಳದೆ ಇನ್ನೇನಾಗುತ್ತದೆ?

"ಕೈ ಯಾಕೇ ಬದಲಾಯಿಸ್ತೀಯಾ?" ಎಂದೆ.

"ಇಲ್ಲ ಮೇಡಂ, ನಾ ಬದಲಾಯ್ಸೇ ಇಲ್ಲ" ಎಂದಳು. ವಿಡಿಯೊ ತೋರಿಸಿದೆ. ತನ್ನ ಕೈಯನ್ನು ತಾನೇ ಯಾರದೋ ಕೈ ಎನ್ನುವಂತೆ ನೋಡಿದಳು. "ಅಯ್ಯೋ, ಗೊತ್ತೇ ಆಗಲ್ಲ ಮೇಡಂ. ಅದೆಂಗ್ ಓಯ್ತದೋ!"

ಎಡಗೈ ಮಣಿಕಟ್ಟಿಗೆ ಕೆಂಪು ಟೇಪು ಕಟ್ಟಿ ನೋಡಿದೆವು. ಮೊಳೆ ಹೊಡೆದಂತೆ ಬಿಗಿಯಾಗಿ ಹಿಡಿ ಎಂದೆವು. ಬದಲಾಯಿಸಬಾರದೆಂದು ನೆನಪಿಟ್ಟುಕೊಂಡು ಓಡಿದರೆ ಓಟ ನಿಧಾನ, ಮರೆತು ಓಡಿದರೆ ಕೈ ಬದಲು. ನಾನು ಬೈದೆ, ಜರ್ಮನ್ ಮೇಡಂ ಅವರ ಭಾಷೆಯಲ್ಲಿ ಬೈದರು. ಗುರುವಾರ ಬ್ಯಾಟನ್ ಬಿದ್ದು ಚಾಮರಾಜಪುರಂ ಹುಡುಗಿಯ ಹಿಮ್ಮಡಿ ಇವಳ ಸ್ಪೈಕ್ ಬೂಟಿನ ಮೊಳೆಗೆ ತಾಗಿ ಗೀರಿತು. ಇನ್ನು ಇವಳನ್ನು ಇಟ್ಟುಕೊಂಡರೆ ಯಾರದಾದರೂ ಕಾಲು ಹೋಗುತ್ತದೆ, ಹೆಚ್ಚುವರಿಯಾಗಿ ಇಟ್ಟುಕೊಂಡ ಐದನೆಯ ಹುಡುಗಿಯನ್ನು ಹಾಕಿ ಎಂದರು ಜರ್ಮನ್ ಮೇಡಂ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೆಚ್ಚುವರಿಯವಳನ್ನು ಕರೆದೆ. ಮಂಡಕಳ್ಳಿ ಹುಡುಗಿ ಪಕ್ಕಕ್ಕೆ ಹೋಗಿ ಕುಳಿತು ಸ್ಪೈಕಿನ ಲೇಸು ಬಿಚ್ಚತೊಡಗಿದಳು. ಅವಳ ಸೀಟನ್ನು ನಾನೇ ಕಿತ್ತುಕೊಂಡಂತಾಯಿತು.

ಮಾರನೆಯ ದಿನ ಶುಕ್ರವಾರ. ಅವಳು ಲೇಸು ಕಟ್ಟದೆ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು; ಅಭ್ಯಾಸದ ಮಧ್ಯೆ ಅವಳ ಅಜ್ಜಿ ಮೈದಾನಕ್ಕೇ ಬಂದುಬಿಟ್ಟರು. ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಸ್ಸು ಹಿಡಿದು ನೇರ ಬಂದಿದ್ದರು. "ಟೀಚ್ರಮ್ಮ, ನಮ್ಮ ಕೂಸು ನೆನ್ನೆಯಿಂದ ಉಂಡಿಲ್ಲ. ಏನಂದ್ರಿ ಅವಳ್ಗೆ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. "ಓಗ್ಲಿ, ಮೊದ್ಲು ಪ್ರಸಾದ ತಕ್ಕಳಿ" ಎಂದು ಕೊಬ್ಬರಿ ಚೂರು, ಕಲ್ಲುಸಕ್ಕರೆಯ ಪೊಟ್ಟಣ ಬಿಚ್ಚಿದರು.

ಜರ್ಮನ್ ಮೇಡಂ ಬಲಗೈಯಲ್ಲಿ ಸ್ಟಾಪ್‌ವಾಚ್ ಇತ್ತು. ಸಹಜವಾಗಿ ಎಡಗೈ ಚಾಚಿದರು. ಅಜ್ಜಿ ತಟಕ್ಕನೆ ಕೈ ಹಿಂದಕ್ಕೆಳೆದುಕೊಂಡರು. "ಎಡಗೈ ಒಡ್ಡೀಯಲ್ಲವ್ವ? ಪ್ರಸಾದ ಕಣವ್ವ ಇದು. ಬಲಗೈ ಕೊಡು." ಜರ್ಮನ್ ಮೇಡಂ ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಅವರನ್ನು ನೋಡುತ್ತಿರಲಿಲ್ಲ. ನನ್ನ ಕಣ್ಣು ಹುಡುಗಿಯರ ಮೇಲಿತ್ತು. ದೇವರಾಜ ಮೊಹಲ್ಲಾ ಹುಡುಗಿಯ ಬಲಗೈಯಲ್ಲಿ ನೀರಿನ ಬಾಟಲಿ ಇತ್ತು, ಯಾರೂ ಹೇಳದೆ ಅದು ಎಡಗೈಗೆ ಹೋಯಿತು. ಇನ್ನೊಬ್ಬಳ ಬಲಗೈಯಲ್ಲಿದ್ದ ಟವೆಲ್ ಎಡಗೈಗೆ ಹೋಯಿತು. ಎಲ್ಲರಿಗೂ ಹಂಚು ಎಂದು ಅಜ್ಜಿ ಅವಸರದಲ್ಲಿ ಮೊಮ್ಮಗಳ ಎಡಗೈಗೆ ಸಿಕ್ಕಿಸಿದ ಇನ್ನೊಂದು ಪೊಟ್ಟಣವನ್ನು ಮಂಡಕಳ್ಳಿ ಹುಡುಗಿ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಬಲಗೈಗೆ ದಾಟಿಸಿಕೊಂಡಳು. ವಿಡಿಯೊದಲ್ಲಿ ನೂರು ಸಲ ನೋಡಿದ ಅದೇ ಚಲನೆ!

ನಾನು "ಅಯ್ಯೋ ನನ್ನಪ್ಪ!" ಎಂದು ಕಿರುಚಿದ ರಭಸಕ್ಕೆ ಅಜ್ಜಿಯ ಕೈಯಿಂದ ಕಲ್ಲುಸಕ್ಕರೆ ಚೆಲ್ಲಿತು. ಎಡಗೈಯಲ್ಲಿ ಯಾರಿಗೂ ಏನನ್ನೂ ಕೊಡಬೇಡ, ಎಡಗೈಯಲ್ಲಿ ತೆಗೆದುಕೊಳ್ಳಬೇಡ. ಹಾಲು ಕುಡಿಯುವ ಕಾಲದಿಂದ ನಮ್ಮೆಲ್ಲರ ಕೈಗೆ ಏಟು ಕೊಟ್ಟು ಕಲಿಸಿದ ಪಾಠ. ಮುಂದೆ ಯಾರಿಗೋ ಕೊಡಬೇಕಾದ ವಸ್ತು ಎಡಗೈಯಲ್ಲಿದ್ದರೆ ಆ ಹುಡುಗಿಯ ಮೈಯೇ ಅದನ್ನು ಬಲಗೈಗೆ ಸಾಗಿಸುತ್ತದೆ. ನಾಲ್ಕನೆಯವಳೂ ಹಾಗೆ ಮಾಡುತ್ತಿದ್ದಳೋ ಏನೋ. ಅವಳು ಯಾರಿಗೂ ಕೊಡಬೇಕಾಗಿಲ್ಲವಾದ್ದರಿಂದ ನಾವು ನೋಡಿರಲಿಲ್ಲ ಅಷ್ಟೆ.

ಜರ್ಮನ್ ಮೇಡಂಗೆ ಕೈ ಬಾಯಿ ಎಲ್ಲ ಸೇರಿಸಿ ವಿವರಿಸಿದೆ. ಅವರು ಕೇಳಿ ಹಣೆ ಚಚ್ಚಿಕೊಂಡರು. "ಸರಿ, ಇನ್ನು ಹತ್ತು ದಿನ ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡಲಿ, ಊಟವನ್ನೂ" ಎಂದರು. ಇದನ್ನು ಅಜ್ಜಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ನನಗೆ ಬೇರೆಯೇ ಹೊಳೆದಿತ್ತು. "ಎಡದಿಂದ ಶುರು ಮಾಡೋಣ" ಎಂದೆ. ಮೊದಲನೆಯವಳು ಎಡಗೈಯಲ್ಲಿ ಹಿಡಿದು ಹೊರಟರೆ ಎರಡನೆಯವಳು ಬಲಗೈಯಲ್ಲಿ ಇಸಿದುಕೊಂಡು ಬಲಗೈಯಿಂದಲೇ ಕೊಡುತ್ತಾಳೆ. ಮೂರನೆಯವಳೊಬ್ಬಳು ಎಡಗೈಗೆ ತೆಗೆದುಕೊಂಡರೆ ಆಯಿತು. ಎಡ, ಬಲ, ಎಡ, ಬಲ.

ಜರ್ಮನ್ ಮೇಡಂ ಮುಖ ಕೆಂಪಾಯಿತು. ತಿರುವಿನಲ್ಲಿ ಇಬ್ಬರೂ ಲೇನಿನ ಹೊರಮಗ್ಗುಲಿಗೆ ಬೀಳುತ್ತಾರೆ, ದೂರ ಜಾಸ್ತಿ, ಯಾವ ಪುಸ್ತಕದಲ್ಲೂ ಇಲ್ಲ ಎಂದರು. "ಒಂದು ಗೇಣು ಜಾಸ್ತಿ ಓಡ್ತಾರೆ, ಬ್ಯಾಟನ್ ಬೀಳಲ್ಲವಲ್ಲ" ಎಂದೆ. "ಹತ್ತು ವರ್ಷ ನಾನು ಹೀಗೇ ಓಡಿದ್ದೇನೆ!" ಎಂದರು. "ಇವರು ಇಪ್ಪತ್ತು ವರ್ಷ ಹೀಗೇ ಬೆಳೆದಿದ್ದಾರೆ!" ಎಂದೆ. ಇಬ್ಬರೂ ಜೋರಿನವರೇ. ಮೈದಾನದಲ್ಲಿ ಹುಲ್ಲು ಮೇಯುತ್ತಿದ್ದ ಹಸು ಕೂಡ ತಲೆ ಎತ್ತಿ ನೋಡಿತು.

ಆಗ ಚಾಮರಾಜಪುರಂ ಹುಡುಗಿ ಮೆಲ್ಲಗೆ ಬಾಯಿಬಿಟ್ಟಳು. ಅರಮನೆಯಲ್ಲಿ ಪಂಡಿತರಾಗಿದ್ದವರ ಮನೆತನದವಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಸ್ವಭಾವ. "ಮೇಡಂ, ನನಗೆ ಎಡಗೈ ಆಗುತ್ತೆ. ನಾನು ಹುಟ್ಟಾ ಎಡಚಿ. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಎಡಗೈಲಿ ಬರೆಯೋಕೆ ಹೋದೆ ಅಂತ ತಾತ ಕೈ ಬದಲಾಯಿಸಿದರು. ಈಗಲೂ ಮನೇಲಿ ಯಾರೂ ಇಲ್ಲದಾಗ ಎಡಗೈಲೇ ತರಕಾರಿ ಹೆಚ್ಚೋದು." ಎರಡು ವರ್ಷ ನನ್ನ ಕೈಕೆಳಗೆ ಓಡಿದ ಹುಡುಗಿ! ನಾನು ಅವಳನ್ನು ತಬ್ಬಿಕೊಂಡೆ. ಜರ್ಮನ್ ಮೇಡಂ ಮಾತ್ರ ಸ್ಟಾಪ್‌ವಾಚನ್ನು ನನ್ನ ಕೈಗೆ ತುರುಕಿ, ನಿಮ್ಮ ತಂಡ, ನಿಮ್ಮ ಇಷ್ಟ ಎಂದು ಹೊರಟುಹೋದರು.

ತೀರ್ಮಾನ ನಾನು ಅಲ್ಲೇ ಮಾಡಿದೆ. ಮಂಡಕಳ್ಳಿ ಹುಡುಗಿಗೆ, "ಲೇಸು ಕಟ್ಟೇ" ಎಂದೆ.

ಮಾರನೆಯ ಬೆಳಿಗ್ಗೆ ಸುಣ್ಣದ ಡಬ್ಬಿ ಹಿಡಿದು ಗುರುತು ಹಾಕಲು ಬಂದರೆ ಜರ್ಮನ್ ಮೇಡಂ ಆಗಲೇ ಮೈದಾನದಲ್ಲಿದ್ದರು, ಹಾದಿಯನ್ನು ಹೆಜ್ಜೆಯಲ್ಲಿ ಅಳೆಯುತ್ತ. ನನ್ನ ಕಡೆ ತಿರುಗದೆಯೇ ಹೇಳಿದರು: "ನನ್ನ ಓಟ ನಿಂತದ್ದು ಹಿಮ್ಮಡಿಯಿಂದ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹಿಮ್ಮಡಿ ನೋಯುತ್ತಿದ್ದದ್ದು ನಿಜ. ಆದರೆ ಕೊನೆಯ ವರ್ಷ ಹೊಸ ಕೋಚ್ ಬಂದು ಬ್ಯಾಟನ್ ಕೊಡುವ ರೀತಿ ಬದಲಾಯಿಸಿದರು. ಮೇಲಿನಿಂದ ಇಳಿಸಬೇಡಿ, ನೇರ ಮುಂದಕ್ಕೆ ತಳ್ಳಿ ಅಂದರು. ಉಳಿದ ಮೂವರು ಕಲಿತರು. ನಾನು ಹತ್ತು ವರ್ಷ ಹೀಗೇ ಓಡಿದ್ದೇನೆ ಅಂದೆ. ನೆನ್ನೆ ನಿಮಗೆ ಹೇಳಿದ್ದೂ ಅದೇ ಮಾತು. ನನ್ನ ಜಾಗಕ್ಕೆ ಒಬ್ಬ ಎಳೆ ಹುಡುಗಿ ಬಂದಳು. ಅವರು ಪದಕ ಗೆದ್ದದ್ದನ್ನು ನಾನು ಮನೆಯ ಸೋಫಾದ ಮೇಲೆ ಕುಳಿತು ಟಿ.ವಿ.ಯಲ್ಲಿ ನೋಡಿದೆ."

ನಾನು ಸುಣ್ಣದ ಡಬ್ಬಿಯನ್ನು ಅವರ ಕೈಗೆ ಕೊಟ್ಟೆ.

ಅವತ್ತಿನಿಂದ ಕೂಟದವರೆಗಿನ ದಿನಗಳು ಹಬ್ಬದ ಹಾಗೆ ಕಳೆದವು. ಗುರುತುಗಳನ್ನೆಲ್ಲ ಹೊಸದಾಗಿ ಹಾಕಬೇಕಾಯಿತು. ದೇವರಾಜ ಮೊಹಲ್ಲಾ ಹುಡುಗಿ ಬ್ಲಾಕಿನಿಂದಲೇ ಎಡಗೈಯಲ್ಲಿ ಹಿಡಿದು ಹೊರಡುತ್ತಿದ್ದರಿಂದ ಎರಡೇ ದಿನದಲ್ಲಿ ಅವಳಿಗೆ ಅದು ರೂಢಿಯಾಯಿತು. ಕೈ ಬದಲಾಯಿಸುವ ಕಾಟ ತಪ್ಪಿದ ಮೇಲೆ ಮಂಡಕಳ್ಳಿ ಹುಡುಗಿ ಎಷ್ಟು ವೇಗವಾಗಿ ಬರತೊಡಗಿದಳೆಂದರೆ ಅವಳ ಮುಂದಿನ ಗೆರೆಯನ್ನು ದಿನಾ ಹಿಂದಕ್ಕೆ ಸರಿಸಬೇಕು. ಚಾಮರಾಜಪುರಂ ಹುಡುಗಿಗೆ ಹೊರಮಗ್ಗುಲಿನಿಂದ ಹೊರಟು ಎರಡೇ ಹೆಜ್ಜೆಯಲ್ಲಿ ಒಳಕ್ಕೆ ವಾಲುವುದನ್ನು ಜರ್ಮನ್ ಮೇಡಂ ಕಲಿಸಿದರು, ತಮ್ಮ ಹತ್ತು ವರ್ಷದ ವಿದ್ಯೆಯನ್ನೆಲ್ಲ ಆ ಎರಡು ಹೆಜ್ಜೆಗೆ ಸುರಿದು. ಅವಳ ಎಡಗೈ ಹಿಂದಕ್ಕೆ ಚಾಚಿ ನಿಂತರೆ ಗೂಟದ ಹಾಗೆ, ಅಲ್ಲಾಡುತ್ತಿರಲಿಲ್ಲ.

ಕೂಟ ನಗರದ ಸಿಂಥೆಟಿಕ್ ಟ್ರ್ಯಾಕಿನಲ್ಲಿ. ಫೈನಲಿಗೆ ಎಂಟು ತಂಡ. ದೇವರಾಜ ಮೊಹಲ್ಲಾ ಹುಡುಗಿ ಬ್ಲಾಕಿನಲ್ಲಿ ಕುಳಿತಾಗ ಪಕ್ಕದ ಕಾಲೇಜಿನ ಕೋಚ್ ನನ್ನ ಕಿವಿಯ ಹತ್ತಿರ ಬಂದರು. "ಮೇಡಂ, ನಿಮ್ಮ ಹುಡುಗಿ ಕೋಲನ್ನ ಎಡಗೈಲಿ ಹಿಡ್ಕೊಂಡಿದಾಳೆ. ಕೂಗಿ ಹೇಳ್ರೀ ಬೇಗ."

"ಇರ್ಲಿ ಬಿಡಿ ಸಾರ್" ಎಂದೆ.

ಗುಂಡು ಹಾರಿತು. ದೇವರಾಜ ಮೊಹಲ್ಲಾ ಹುಡುಗಿ ತಿರುವು ಮುಗಿಸುವಾಗ ನಾಲ್ಕನೆಯ ಸ್ಥಾನ. "ಹೆಪ್!" ಆಚೆ ಬದಿಯಿಂದ ಕೂಗು ನನಗೂ ಕೇಳಿಸಿತು. ಮಂಡಕಳ್ಳಿ ಹುಡುಗಿಯ ಬಲಗೈಗೆ ಬ್ಯಾಟನ್ ಕುಳಿತದ್ದೇ ತಡ, ಅವಳು ಹಾರಿದಳು. ಓಡಿದಳು ಎಂದರೆ ಕಮ್ಮಿಯಾಗುತ್ತದೆ. ಆ ನೇರ ದಾರಿಯಲ್ಲಿ ಇಬ್ಬರನ್ನು ಹಿಂದೆ ಹಾಕಿದಳು. ಬಲಗೈ ಮುಂದಕ್ಕೆ, ಎಡಗೈ ಹಿಂದಕ್ಕೆ, "ಹೆಪ್!" ಸಿಕ್ಕಿತು! ಬದಲಾವಣೆ ಸರಿ ಎಂದು ಅಂಪೈರ್ ಬಿಳಿ ಬಾವುಟ ಎತ್ತಿದರು. ತಿರುವಿನಲ್ಲಿ ಚಾಮರಾಜಪುರಂ ಹುಡುಗಿ ಒಳಕ್ಕೆ ವಾಲಿದಳು. ಬೇಲಿಯ ಆಚೆ ಅವಳ ಜೊತೆಜೊತೆಗೇ ಇನ್ನೊಬ್ಬರು ಓಡುತ್ತಿದ್ದರು, ಜರ್ಮನ್ ಮೇಡಂ, ಏನೇನೋ ಕಿರುಚುತ್ತ, ಜನರನ್ನು ಎರಡೂ ಕಡೆ ನೂಕುತ್ತ. ಕೊನೆಯ ಬದಲಾವಣೆಯೂ ಬಿಳಿ ಬಾವುಟ. ನಮ್ಮ ನಾಲ್ಕನೆಯವಳು, ಹಾಸ್ಟೆಲ್ ಹುಡುಗಿ, ಹಲ್ಲು ಕಚ್ಚಿಕೊಂಡು ಬಂದು ಗೆರೆಯ ಮೇಲೆ ಎದೆ ಮುಂದಕ್ಕೆ ಚಾಚಿದಳು.

ಎರಡನೆಯ ಸ್ಥಾನ. ಬೆಳ್ಳಿ.

ನಾನು ಕುಣಿದೆ, ಪಕ್ಕದ ಕೋಚನ್ನು ಗುದ್ದಿದೆ. ಆಮೇಲೆ ನೆನಪಾಯಿತು: ಇದು ಯಾರಿಗೆ ಬೇಕಿತ್ತೋ ಅವಳು ಇಲ್ಲಿಲ್ಲ. ಎರಡನೆಯವಳು ಬ್ಯಾಟನ್ ಕೊಟ್ಟ ಮೇಲೆ ಮೈದಾನದ ಆ ತುದಿಯಲ್ಲೇ ಉಳಿದುಬಿಡುತ್ತಾಳೆ. ದೂರದಲ್ಲಿ ತಲೆಯ ಮೇಲೆ ಎರಡೂ ಕೈ ಹೊತ್ತುಕೊಂಡು ಒಂಟಿಯಾಗಿ ನಿಂತಿದ್ದಳು. ಕೂಗೋಣವೆಂದರೆ ಗಂಟಲು ಸತ್ತುಹೋಗಿತ್ತು. ಹುಲ್ಲಿನ ಮೇಲೆ ಅಡ್ಡಹಾದಿ ಹಿಡಿದು ಓಡಿದೆ. ನಲವತ್ತು ದಾಟಿದ ಮೇಲೆ ನಾನು ಹಾಗೆ ಓಡಿದ್ದು ಅದೇ ಮೊದಲು. ಅಧಿಕಾರಿಗಳು "ಮೇಡಂ, ಮೇಡಂ" ಎನ್ನುತ್ತಲೇ ಇದ್ದರು.

ಅವಳ ಮುಂದೆ ನಿಂತರೆ ಉಸಿರಿಲ್ಲ, ಮಾತು ಹೊರಡದು. ಕಣ್ಣಲ್ಲಿ ನೀರು ಬೇರೆ. ಅವಳು ನನ್ನ ಮುಖ ನೋಡಿದವಳೇ ಕುಸಿದು ಕುಳಿತುಬಿಟ್ಟಳು. "ಸೋತ್ವಾ ಮೇಡಂ? ಯಾರ್ ಬೀಳ್ಸುದ್ರು?" ಎಂದು ಅಳತೊಡಗಿದಳು. ನಾನು ಎರಡು ಬೆರಳು ಎತ್ತಿ ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ಇನ್ನಷ್ಟು ಜೋರಾಗಿ ಎತ್ತಿದೆ.

"ಎರಡ್ನೇದಾ? ಪದ್ಕಾನಾ?"

ತಲೆಯಾಡಿಸಿದೆ. ನನ್ನನ್ನು ಅನಾಮತ್ತಾಗಿ ಎತ್ತಿಕೊಂಡು ಒಂದು ಸುತ್ತು ತಿರುಗಿದಳು. ಹಿಡಿದುಕೊಂಡಿದ್ದ ಅವಳ ತೊಡೆಯ ಸ್ನಾಯು ನೆನಪಾಗಿ "ಇಳ್ಸೇ" ಎನ್ನಲೂ ನನಗೆ ದನಿ ಇರಲಿಲ್ಲ.

ಅಷ್ಟರಲ್ಲಿ ಜರ್ಮನ್ ಮೇಡಂ ಒಂದು ಕಾಲು ಎಳೆದುಕೊಂಡು ಬಂದರು. ಬೇಲಿಯ ಪಕ್ಕ ಓಡಿ ಹಿಮ್ಮಡಿ ಪೂರ್ತಿ ಕೈಕೊಟ್ಟಿತ್ತು. ಇವಳೇಕೆ ಅತ್ತಳು ಎಂದು ಕೇಳಿದರು. ಕೈಸನ್ನೆಯಲ್ಲೇ ತಿಳಿಸಿದೆ. ಹುಲ್ಲಿನ ಮೇಲೆ ಕುಳಿತುಕೊಂಡು ಬಿದ್ದು ಬಿದ್ದು ನಕ್ಕರು. "ನಾನು ಓಡಿದ್ದು ಮೂರನೆಯವಳಾಗಿ. ಅಲ್ಲಿಂದ ಕಾಣುವುದು ಬರೀ ಬೆನ್ನುಗಳು. ಒಂದು ಗೆಲುವನ್ನೂ ನಾನು ಕಣ್ಣಾರೆ ನೋಡಿಲ್ಲ, ಎಲ್ಲ ಬೇರೆಯವರ ಮುಖದಿಂದಲೇ ತಿಳಿದದ್ದು" ಎಂದರು. ಆಮೇಲೆ ಮಂಡಕಳ್ಳಿ ಹುಡುಗಿಯ ಒದ್ದೆ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಅಂಗಾರೆ ನಾನೂ ಪಿ.ಟಿ. ಮೇಡಂ ಆಗ್ಬೋದು" ಎಂದಳು ಅವಳು, ಕೇಳುವ ಹಾಗೂ ಅಲ್ಲ, ಹೇಳುವ ಹಾಗೂ ಅಲ್ಲ.

"ಆಗ್ತೀಯ ಕಣೇ" ಎಂದೆ. ದನಿ ಆಗ ವಾಪಸು ಬಂತು.

ಅವಳು ನನ್ನ ಕೊರಳಿನ ವಿಷಲ್ಲಿಗೆ ಕೈ ಹಾಕಿ, ದಾರ ನನ್ನ ತಲೆಯ ಮೇಲಿಂದ ತೆಗೆದು ತನ್ನ ಕೊರಳಿಗೆ ಹಾಕಿಕೊಂಡು, ಎದೆ ತುಂಬ ಗಾಳಿ ಎಳೆದು ಊದಿದಳು. ಮುಂದಿನ ಓಟಕ್ಕೆ ಬ್ಲಾಕಿನಲ್ಲಿ ಬಗ್ಗಿದ್ದ ಗಂಡುಹುಡುಗರು ಎಂಟೂ ಜನ ಎದ್ದು ನಿಂತು ನಮ್ಮ ಕಡೆ ನೋಡಿದರು.